ತಡೆದು ತಿನ್ನುತ್ತಿದ್ದ ಮೇಕೆ

ಹಿಡಿ ತಿರುಗಿಸಿದ್ದೇ ತಡ, ಮೇಕೆ ಪತ್ರಿಕೆಯನ್ನು ಗುಳುಂ ಮಾಡಿಬಿಟ್ಟಿತು. ಸುಕೆಸಿಯ ಕೈ ಅಲ್ಲೇ ನಿಂತಿತು.

ಹಾಗಾಗುವಂತಿರಲಿಲ್ಲ. ಆ ಮರದ ಮೇಕೆ ಪುಟ್ಟ ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, ಮೂಗಿನ ತುದಿಗೆ ತಂತಿಯ ಕನ್ನಡಕ ಸಿಕ್ಕಿಸಿಕೊಂಡು, ತೆಳು ತಗಡಿನ ಪಟ್ಟಿಗಳನ್ನು ಜೋಡಿಸಿ ಮಾಡಿದ ಪತ್ರಿಕೆಯನ್ನು ಓದುತ್ತಿತ್ತು. ಪೀಠದ ಪಕ್ಕದ ಹಿಡಿ ತಿರುಗಿಸಿದರೆ ತಲೆ ಎಡಕ್ಕೂ ಬಲಕ್ಕೂ ಸಾಲು ಹಿಡಿದು ಓದುವಂತೆ ಆಡುತ್ತಿತ್ತು. ಆಮೇಲೆ ಬಾಯಿ ತೆರೆದು ಪತ್ರಿಕೆಯ ಮೂಲೆ ಕಚ್ಚುತ್ತಿತ್ತು. ಮಡಿಕೆ ಮಡಿಕೆಯಾಗಿ ಸುದ್ದಿಯೆಲ್ಲ ಹೊಟ್ಟೆಗೆ ಹೋಗುತ್ತಿತ್ತು. ಆದರೆ ಬಾಯಿ ತೆರೆದ ಮೇಲೆ, ಕಚ್ಚುವ ಮುಂಚೆ, ಒಂದು ತಡೆ ಇತ್ತು. ಕೆಳದವಡೆ ಅರೆಗಳಿಗೆ ಅದುರಿ ನಿಲ್ಲುತ್ತಿತ್ತು, ತಿನ್ನಲೋ ಬೇಡವೋ ಎಂದು ಮೇಕೆ ತನ್ನನ್ನು ತಾನೇ ಕೇಳಿಕೊಂಡ ಹಾಗೆ. ನೋಡಿದವರು ನಗುತ್ತಿದ್ದದ್ದೂ ಅಲ್ಲೇ.

ಸುಕೆಸಿ ಮತ್ತೆ ತಿರುಗಿಸಿದಳು. ಓದಿತು, ಬಾಯಿ ತೆರೆಯಿತು, ತಿಂದಿತು. ನಿಧಾನವಾಗಿ ತಿರುಗಿಸಿದಳು. ನಿಧಾನವಾಗಿ ತಿಂದಿತು, ಅಷ್ಟೆ.

"ಪಾಕ್, ಒಂಚೂರು ಬನ್ನಿ ಇಲ್ಲಿ," ಎಂದು ಗಂಡನನ್ನು ಕೂಗಿದಳು. ಅವರಲ್ಲಿ ಗಂಡಸರನ್ನು ಪಾಕ್, ಬಾಪಾಕ್ ಎಂದೂ ಹೆಂಗಸರನ್ನು ಬು, ಇಬು ಎಂದೂ ಗೌರವದಿಂದ ಕರೆಯುತ್ತಾರೆ.

ಹಾರ್ದೊಯೊ ಜಗುಲಿಯಲ್ಲಿ ತನ್ನ ಕಾಡುಪಾರಿವಾಳದ ಪಂಜರ ಕೆಳಗಿಳಿಸುತ್ತಿದ್ದ. ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು. ಈಗ ಹಕ್ಕಿ, ಪತ್ರಿಕೆ, ಸಿಹಿ ಚಹಾ, ಇಷ್ಟೇ ಅವನ ಪ್ರಪಂಚ. ಬಾಗಿಲ ತನಕ ಬಂದ, ಒಳಗೆ ಕಾಲಿಡಲಿಲ್ಲ.

"ಈ ಮೇಕೆ ನಮ್ಮದಲ್ಲ," ಎಂದಳು ಸುಕೆಸಿ.

"ಮತ್ತೆ ಪಕ್ಕದ ಮನೆಯವರದಾ?"

"ತಮಾಷೆ ಬೇಡ. ನಮ್ಮದು ತಿನ್ನೋ ಮುಂಚೆ ಯೋಚ್ನೆ ಮಾಡ್ತಿತ್ತು. ಇದು ಯೋಚ್ನೇನೇ ಮಾಡಲ್ಲ."

"ಮೇಕೆ ತಾನೆ, ಬು. ಹಸಿವಾಗಿತ್ತೇನೋ," ಎಂದು ಹಾರ್ದೊಯೊ ಪಂಜರದ ಕಡೆ ಹೊರಟುಹೋದ.

ಅವನ ಈ ಮಾತಿನ ಧಾಟಿ ಸುಕೆಸಿಗೆ ಹೊಸದಲ್ಲ. ಯೋಗ್ಯಕಾರ್ತಾ ಊರಿನ ಕೋಟಗೆದೆ ಪೇಟೆಯ ಆ ಓಣಿಯಲ್ಲಿ ಅವಳನ್ನು ಎಲ್ಲರೂ "ಬು ಬಿದಾನ್", ಅಂದರೆ ಸೂಲಗಿತ್ತಿಯಮ್ಮ ಎಂದೇ ಕರೆಯುತ್ತಿದ್ದರು. ಓಣಿಯ ಅರ್ಧಕ್ಕರ್ಧ ಮಂದಿ ಅವಳ ಕೈಯಲ್ಲೇ ಹುಟ್ಟಿದವರು. ಮನೆಯ ಮುಂಗೋಣೆಯೇ ಹೆರಿಗೆ ಕೋಣೆಯಾಗಿತ್ತು. ಕೆಲಸ ಬಿಟ್ಟ ಮೇಲೆ ಆ ಕೋಣೆಯಲ್ಲಿ ಮಂಚಗಳ ಜಾಗಕ್ಕೆ ಕಪಾಟುಗಳು ಬಂದವು, ಕಪಾಟುಗಳಿಗೆ ಮರದ ಪ್ರಾಣಿಗಳು ಬಂದವು. ಹೊಲಿಗೆ ಯಂತ್ರ ತುಳಿಯುವ ಕೋಳಿ, ಮೊಸಳೆಯ ಹಲ್ಲು ಕೀಳಲು ಹೋಗಿ ಹಿಂದಕ್ಕೆ ಬೀಳುವ ಕೋತಿ, ಸೈಕಲ್ ಹೊಡೆಯುತ್ತಾ ಟೋಪಿ ಎತ್ತುವ ಬಾತು. ಎಲ್ಲವನ್ನೂ ಮಾಡಿದವನು ಓಪಾಕ್ ಹೊಳೆಯಾಚೆಯ ನ್ಗಾದಿಮನ್ ಎಂಬ ಬಡಗಿ. ದೊಡ್ಡ ಭೂಕಂಪದಲ್ಲಿ ಅವನ ಮನೆ ಕುಸಿದಿತ್ತು; ಬಿದ್ದ ತೊಲೆ ಕಂಬಗಳಿಂದ ನಿರಾಶ್ರಿತರ ಡೇರೆಯ ಮಕ್ಕಳನ್ನು ನಗಿಸಲು ಮೊದಲ ಪ್ರಾಣಿಗಳನ್ನು ಕೆತ್ತಿದ್ದ. ಬಾಣಂತಿಯರನ್ನು ನೋಡಿಕೊಳ್ಳಲು ಆ ಡೇರೆಗಳಿಗೆ ಹೋಗಿದ್ದ ಸುಕೆಸಿ ಮೇಕೆಯನ್ನು ಕಂಡದ್ದು ಆಗಲೇ. ಅವತ್ತಿನಿಂದ ಹಿಡಿದ ಗೀಳು ಬಿಟ್ಟಿರಲಿಲ್ಲ. "ಜನ ಆಡು ಸಾಕ್ತಾರೆ, ಹಾಲಾದ್ರೂ ಕೊಡುತ್ತೆ. ನಮ್ಮವಳು ಸಾಕೋದು ಧೂಳು ಕೊಡುತ್ತೆ," ಎಂದು ಹಾರ್ದೊಯೊ ಬಂದವರ ಮುಂದೆಲ್ಲ ಗೇಲಿ ಮಾಡುತ್ತಿದ್ದ.

ಮೇಕೆಯನ್ನು ಅವಳು ಕಿಟಕಿಯ ಬೆಳಕಿಗೆ ಒಯ್ದಳು. ಪೀಠದಡಿ ನ್ಗಾದಿಮನ್ ಮೊಳೆ ಕಾಯಿಸಿ ಒತ್ತುತ್ತಿದ್ದ ಗುರುತು ಇತ್ತು. ಬಲಗೊಂಬಿನ ತುದಿಯ ಮೊಟಕು ಇತ್ತು. ಕುರ್ಚಿಯ ಕಾಲಿನ ಗೀರು ಕೂಡ ಇತ್ತು. ಎಲ್ಲ ಇದ್ದೂ ಮೂಗಿಗೆ ಹಿಡಿದಾಗ ವಾಸನೆ ಬೇರೆ ಅನಿಸಿತು. ಹಳೆಯ ಮನೆಯ ಹೊಗೆ ಕುಡಿದ ಮರದ ವಾಸನೆಯಲ್ಲ. ಎಣ್ಣೆ ತಿಕ್ಕಿ ಹಳತು ಮಾಡಿದ ವಾಸನೆ. ಅಥವಾ ತನಗೆ ಹಾಗನಿಸಿತೋ? ಯಾರೋ ಅಸಲನ್ನು ಒಯ್ದು ನಕಲನ್ನು ಇಟ್ಟಿದ್ದಾರೆ. ಯಾರು?

ಆ ಕೋಣೆಗೆ ಬೀಗ ಇತ್ತು. ಒಂದು ಕೀಲಿ ಅವಳ ಸೊಂಟದಲ್ಲಿ. ಇನ್ನೊಂದು ಅಡುಗೆಮನೆಯ ಮೊಳೆಯಲ್ಲಿ, ಕೆಲಸದಾಕೆ ಪೈನೆಮ್ ಗುಡಿಸಿ ಒರೆಸಲೆಂದು.

ಆದರೆ ಸುಕೆಸಿಯ ಅನುಮಾನ ಮೊದಲು ಹೋದದ್ದು ಸೊಸೆಯ ಮೇಲೆ. ಮಗ ಬಾಲಿಕ್‌ಪಾಪಾನ್ ಬಂದರಿನಲ್ಲಿ ಕೆಲಸದಲ್ಲಿದ್ದ. ರಾತ್ರಿ ಎಂಬ ಹೆಸರಿನ ಈ ಸೊಸೆ ಇವರ ಜೊತೆಗೇ ಇದ್ದಳು. ಚುರುಕಿನ ಹೆಣ್ಣು. ಮುಂಗೋಣೆಯಲ್ಲಿ ಕಾಫಿ ಅಂಗಡಿ ತೆರೆಯಬೇಕೆಂಬ ಆಸೆ ಅವಳಿಗೆ. ಹಿಂದಿನ ತಿಂಗಳು ಪ್ರಾಣಿಗಳ ಫೋಟೊ ತೆಗೆದು ಫೋನಿನಲ್ಲಿ ಹಾಕಿದ್ದಳು. ಯಾರ್ಯಾರೋ ಅಪರಿಚಿತರು ಕೊಡುತ್ತೀರಾ, ಎಷ್ಟಕ್ಕೆ ಎಂದು ಕೇಳಿದ್ದರು.

ಮರುದಿನ ಬೆಳಗ್ಗೆ ತಿಂಡಿ ತಿನ್ನುವಾಗ ಸುಕೆಸಿ ಕೇಳಿಯೇಬಿಟ್ಟಳು. "ಆ ಫೋಟೊ ನೋಡಿದವರಲ್ಲಿ ಯಾರಾದ್ರೂ ಮನೆಗೆ ಬಂದಿದ್ರೇನೆ, ನಾನಿಲ್ಲದಾಗ?"

"ಯಾರೂ ಇಲ್ಲ ಇಬು. ಯಾಕೆ?"

"ಸುಮ್ನೆ ಕೇಳಿದೆ. ಮೇಕೆ ಬದಲಾಗಿದೆ."

ರಾತ್ರಿ ಚಮಚ ಕೆಳಗಿಟ್ಟಳು. "ಅಂದ್ರೆ ನಾನು ಮಾರಿದೀನಿ ಅಂತಾನಾ?"

"ನಾನು ಹಾಗಂದ್ನಾ?"

"ಅನ್ನಲಿಲ್ಲ. ಆದ್ರೆ ಕೇಳಿಸ್ತು." ಸೊಸೆ ಎದ್ದು ಹೋಗಿ ಮೇಕೆಯನ್ನು ತಂದು ಊಟದ ಮೇಜಿನ ಮೇಲಿಟ್ಟು, ಫೋನಿನ ಫೋಟೊ ಪಕ್ಕದಲ್ಲಿ ಹಿಡಿದಳು. "ನೋಡಿ. ಕೊಂಬು ಅದೇ. ಕನ್ನಡಕ ಅದೇ. ಬಣ್ಣ ಹೋಗಿರೋ ಜಾಗಾನೂ ಅದೇ. ಇನ್ನೇನು ಬೇಕು?"

"ಫೋಟೋದಲ್ಲಿ ಅದು ತಿನ್ನಲ್ವಲ್ಲ," ಎಂದಳು ಸುಕೆಸಿ.

ರಾತ್ರಿ ಮಾವನ ಮುಖ ನೋಡಿದಳು. ಹಾರ್ದೊಯೊ ಹುರಿದ ಸೋಯಾ ಟೆಂಪೆಯ ತುಂಡನ್ನು ಚಟ್ನಿಯಲ್ಲಿ ಅದ್ದಿ ಅದ್ದಿ ಇಡುತ್ತಿದ್ದ, ತಿನ್ನುತ್ತಿರಲಿಲ್ಲ.

ಅಂದಿನಿಂದ ಮನೆಯಲ್ಲಿ ಇನ್ನೊಂದು ಅನುಮಾನ ಕಾಲಿಟ್ಟಿತು. ಅದು ಸುಕೆಸಿಯ ಬೆನ್ನ ಹಿಂದೆ ಓಡಾಡುತ್ತಿತ್ತು. ಅವಳು ಅಡುಗೆಮನೆಗೆ ಹೋದರೆ ಸೊಸೆಯೂ ಬಂದು ಒಲೆಯ ಗುಂಡಿ ಮುಟ್ಟಿ ನೋಡಿ ಹೋಗುತ್ತಿದ್ದಳು. ಒಂದೇ ಮಾತನ್ನು ಎರಡು ಸಲ ಕೇಳಿದರೆ ಸಾಕು, ಎದುರಿದ್ದವರ ಕಣ್ಣು ಕಣ್ಣು ಕಲೆಯುತ್ತಿದ್ದವು. ಒಂದು ದಿನ ಬಟ್ಟೆ ಒಣಹಾಕುತ್ತಾ ಸೊಸೆ ಫೋನಿನಲ್ಲಿ ಗಂಡನಿಗೆ ಹೇಳುವುದು ಗೋಡೆಯೀಚೆಗೆ ಕೇಳಿಸಿತು. "ಅರವತ್ತರ ಮೇಲೆ ಅರಳು ಮರಳು ಅಂತಾರಲ್ಲ, ಹಾಗೇ ಆಗ್ತಿದೆ. ಮೊನ್ನೆ ಕೆಟಲ್ ಒಲೆ ಮೇಲಿಟ್ಟು ಮರೆತಿದ್ರು. ಈಗ ಮೇಕೆ. ಇಲ್ಲ, ಬಾಪಾಕ್ ಏನೂ ಮಾತಾಡ್ತಿಲ್ಲ. ಪಾಪ, ಅವರಿಗೂ ಭಯ ಆಗಿರ್ಬೇಕು."

ಸುಕೆಸಿ ಗೋಡೆಗೆ ಒರಗಿ ನಿಂತಳು. ಕೆಟಲ್ ಮರೆತದ್ದು ನಿಜ. ಅವತ್ತು ಓಣಿಯಲ್ಲಿ ಹೆಣ ಹೋಗುತ್ತಿತ್ತು, ನೋಡಲು ಹೋಗಿದ್ದಳು. ಅದನ್ನು ಯಾರಿಗೆ ಹೇಳುವುದು? ಹೇಳಿದರೂ ನೆಪ ಎನ್ನುತ್ತಾರೆ.

ತನಗೆ ಹುಚ್ಚಲ್ಲ ಎಂದು ತೋರಿಸಬೇಕಾದರೆ ಕಳ್ಳ ಸಿಗಬೇಕು. ಕಳ್ಳನನ್ನು ಹುಡುಕುವ ಕಣ್ಣಿಗೆ ಮನೆಯಲ್ಲಿ ಉಳಿದದ್ದು ಒಬ್ಬಳೇ.

ಮನೆಮಂದಿ "ಯು" ಎಂದು, ಅಕ್ಕ ಎಂದ ಹಾಗೆ, ಕರೆಯುತ್ತಿದ್ದ ಪೈನೆಮ್ ಇಪ್ಪತ್ತು ವರ್ಷದಿಂದ ಆ ಮನೆಯಲ್ಲಿ ಅಡುಗೆ, ಕಸ ಮುಸುರೆ ಮಾಡಿಕೊಂಡಿದ್ದಳು. ಹೆರಿಗೆಯ ಬಿಸಿನೀರು ಕಾಯಿಸಿದವಳೂ ಅವಳೇ, ಹೊಕ್ಕುಳಬಳ್ಳಿಯ ಗಡಿಗೆ ಹೂಳಿದವಳೂ ಅವಳೇ. ಈಗ ಅವಳು ಮಾಡಿದ್ದೆಲ್ಲ ಸುಕೆಸಿಯ ಕಣ್ಣಿಗೆ ವಕ್ರವಾಗಿ ಕಂಡಿತು. ಇವತ್ತು ಯಾಕೆ ಬೇಗ ಹೊರಟಳು? ಚೀಲ ಯಾಕೆ ಉಬ್ಬಿದೆ? ಮೇಕೆ ಬದಲಾಯಿತು ಎಂದಾಗ ಯಾಕೆ ಏನೂ ಕೇಳಲಿಲ್ಲ? ಕೇಳಿದ್ದರೆ ಯಾಕೆ ಕೇಳಿದಳು ಎಂದು ಅನುಮಾನ ಪಡುತ್ತಿದ್ದಳೋ ಏನೋ. ಆಗ ಅದು ಹೊಳೆಯಲಿಲ್ಲ.

ಸಂಜೆ ಪೈನೆಮ್ ಚಪ್ಪಲಿ ಮೆಟ್ಟುತ್ತಿದ್ದಾಗ ಸುಕೆಸಿ ಬಾಗಿಲಿಗೆ ಬಂದು ನಿಂತಳು.

"ಯು, ಆ ಚೀಲದಲ್ಲೇನಿದೆ?"

"ಇದಾ? ಮರಗೆಣಸು ಇಬು. ನಿನ್ನೆ ನೀವೇ ಕೊಟ್ಟಿದ್ದು."

"ಒಂಚೂರು ತೆಗೆದು ತೋರ್ಸು."

ಪೈನೆಮ್‌ಗೆ ಮೊದಲು ಅರ್ಥವಾಗಲಿಲ್ಲ, ನಕ್ಕಳು. ಆಮೇಲೆ ಅರ್ಥವಾಯಿತು. ಅವಳು ಜಗುಲಿಯ ಮೇಲೆ ಕೂತು ಚೀಲವನ್ನು ಬೋರಲು ಹಾಕಿದಳು. ಮರಗೆಣಸು ಉರುಳಿತು. ಸುಕೆಸಿ ಉಟ್ಟು ಹಳತಾಗಿ ಕೊಟ್ಟಿದ್ದ ಬಾಟಿಕ್ ಬಟ್ಟೆ, ಕಾಲುನೋವಿನ ಎಣ್ಣೆಯ ಸೀಸೆ, ಬಾಚಣಿಗೆ. ಪೈನೆಮ್ ಖಾಲಿ ಚೀಲವನ್ನು ಒಳಹೊರಗು ಮಾಡಿ ಕೊಡವಿ ತೋರಿಸಿದಳು.

ಹಾರ್ದೊಯೊ ನಾಲ್ಕು ಮಾರು ದೂರದಲ್ಲಿ ಹಕ್ಕಿಗೆ ಕಾಳು ಹಾಕುತ್ತಿದ್ದ. ಈ ಕಡೆ ತಿರುಗಲಿಲ್ಲ.

"ನಾನು ಮೇಕೆ ತಗೊಂಡು ಏನ್ ಮಾಡ್ಲಿ ಇಬು?" ಎಂದಳು ಪೈನೆಮ್. ಕೂಗಾಡಲಿಲ್ಲ. ಮರಗೆಣಸನ್ನು ಅಲ್ಲೇ ಜೋಡಿಸಿಟ್ಟಳು, ಬಟ್ಟೆಯನ್ನು ಮಡಿಸಿ ಅದರ ಪಕ್ಕ ಇಟ್ಟಳು, ಎಣ್ಣೆ ಮತ್ತು ಬಾಚಣಿಗೆ ಮಾತ್ರ ತೆಗೆದುಕೊಂಡಳು. ಒಳಗೆ ಹೋಗಿ ಮೊಳೆಯಲ್ಲಿದ್ದ ಕೀಲಿ ತಂದು ಹಾರ್ದೊಯೊನ ಕೈಗೆ ಕೊಟ್ಟಳು. "ಬಾಪಾಕ್, ಇದನ್ನ ನೀವೇ ಇಟ್ಕೊಳಿ," ಎಂದು ಹೊರಟಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

"ಕಳ್ಳಿ ಅಲ್ಲದಿದ್ರೆ ಬರ್ತಿದ್ಲು," ಎಂದಳು ಸುಕೆಸಿ.

"ಹೂಂ," ಎಂದ ಹಾರ್ದೊಯೊ. ಅವನ ಮುಖ ಬಿಳಿಚಿಕೊಂಡಿತ್ತು. ಅವನಿಗೂ ಪೈನೆಮ್ ಮೇಲೆ ಮಮತೆ ಇತ್ತಲ್ಲ ಎಂದುಕೊಂಡಳು.

ಪೈನೆಮ್ ಹೋದ ಮೇಲೆ ಮನೆ ತಣ್ಣಗಾಯಿತು. ಸೊಸೆ ಅತ್ತೆಗೆ ಮೆತ್ತಗೆ ಮಾತಾಡತೊಡಗಿದಳು, ರೋಗಿಗಳ ಹತ್ತಿರ ಮಾತಾಡುತ್ತಾರಲ್ಲ ಹಾಗೆ. ಅದೇ ಸುಕೆಸಿಗೆ ಹೆಚ್ಚು ಹೆದರಿಕೆ ತಂದಿತು. ಕೋಣೆಯ ಬಾಗಿಲು ಹಾಕಿಕೊಂಡು ತಾನು ಹೆರಿಗೆ ಮಾಡಿಸಿದ ಮಕ್ಕಳ ಹೆಸರನ್ನು ಮನೆ ಮನೆ ಹಿಡಿದು ಬಾಯಿಪಾಠ ಹೇಳಿಕೊಂಡಳು. ಬೆಳ್ಳಿ ಕೆಲಸದ ಮೂಲೆಮನೆಯ ಎರಡನೆಯ ಮಗಳ ಹೆಸರು ಹೊಳೆಯಲಿಲ್ಲ. ಅದು ಯಾರಿಗಾದರೂ ಮರೆಯುವ ಹೆಸರೇ, ಆದರೂ ಮತ್ತೆ ಮೊದಲ ಮನೆಯಿಂದ ಶುರುಮಾಡಿದಳು. ಮೇಕೆ ನಿಜವಾಗಿ ತಡೆಯುತ್ತಿತ್ತೇ? ಅಥವಾ ತಾನೇ ಹಾಗೆ ಕಟ್ಟಿಕೊಂಡಿದ್ದಳೇ? ಕಳ್ಳನೇ ಇಲ್ಲದಿದ್ದರೆ? ಪೈನೆಮ್‌ಳ ಚೀಲ?

ತಾಳಲಾಗದೆ ಒಂದು ಬೆಳಗ್ಗೆ ಮೇಕೆಯನ್ನು ಟವೆಲ್ಲಿನಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟುಕೊಂಡು, ಧರ್ಮಗ್ರಂಥ ಪಠಣದ ಕೂಟಕ್ಕೆ ಹೋಗುತ್ತೇನೆಂದು ಸುಳ್ಳು ಹೇಳಿ, ಮೋಟರ್‌ಸೈಕಲ್ ಬಾಡಿಗೆಗೆ ಓಡಿಸುವವನ ಹಿಂದೆ ಕೂತು ಓಪಾಕ್ ದಾಟಿದಳು.

ನ್ಗಾದಿಮನ್ ಮನೆಯ ಮುಂದೆ ಹಲಸಿನ ಹಲಗೆಗಳು ಬಿಸಿಲಿಗೆ ಒಣಗುತ್ತಿದ್ದವು. ಅವನು ಗೂಬೆಯೊಂದರ ರೆಕ್ಕೆಗೆ ಕೊಡೆಯ ಕಡ್ಡಿ ಜೋಡಿಸುತ್ತಿದ್ದವನು ಅವಳನ್ನು ಕಂಡದ್ದೇ ಎದ್ದು ನಿಂತ. ಯಾವಾಗಲೂ ಬಾಯ್ತುಂಬ ನಗುವವನು ಇವತ್ತು ಕೈ ಒರೆಸಿಕೊಂಡದ್ದೇ ಒರೆಸಿಕೊಂಡದ್ದು.

"ಬು ಬಿದಾನ್! ಹೇಳಿ ಕಳ್ಸಿದ್ರೆ ನಾನೇ ಬರ್ತಿದ್ನಲ್ಲ."

"ಹೇಳಿ ಕಳ್ಸಿದ್ರೆ ನೀನು ತಯಾರಾಗ್ತಿದ್ದೆ," ಎಂದು ಸುಕೆಸಿ ಟವೆಲ್ ಬಿಚ್ಚಿದಳು. "ಇದು ನೀನು ಮಾಡಿದ್ದಾ?"

ಅವನು ಮೇಕೆಯನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. "ನಂದೇ ಕೈ, ಬು."

"ನೀನು ನಂಗೆ ಕೊಟ್ಟಿದ್ದು ಇದೇನಾ?"

"ನಂದೇ ಕೈ ಅಂದ್ನಲ್ಲ."

"ನಾನು ಕೇಳಿದ್ದು ಅದಲ್ಲ, ಪಾಕ್ ನ್ಗಾದಿಮನ್."

ಅವನು ಗೂಬೆಯ ಕಡೆ ನೋಡಿದ. ಅವನ ಹೆಂಡತಿ ಸರಿಂತೆನ್ ಚಹಾ ತಂದವಳು ಗಂಡನನ್ನು ಒಂದು ಸಲ, ಬಂದವಳನ್ನು ಒಂದು ಸಲ ನೋಡಿ, ತಟ್ಟೆಯನ್ನು ಟಪ್ಪೆಂದು ಇಟ್ಟು ಒಳಹೋದಳು. ಓಹೋ, ಇಬ್ಬರಿಗೂ ಗೊತ್ತಿದೆ ಎಂದುಕೊಂಡಳು ಸುಕೆಸಿ. ಜಕಾರ್ತಾದ ಯಾವನೋ ಹಣವಂತನಿಗೆ ಹಳೆಯದನ್ನು ಮಾರಿಕೊಂಡಿದ್ದಾರೆ. ಪೈನೆಮ್ ಕೈಯಲ್ಲಿ ಬದಲಿ ಮಾಡಿಸಿದ್ದಾರೆ. ಇಷ್ಟು ವರ್ಷ ಅವನ ಮಕ್ಕಳ ಜ್ವರ ಕೆಮ್ಮಿಗೆ ಔಷಧಿ ಕೊಟ್ಟದ್ದಕ್ಕೆ ಇದು!

"ಕೈ ಕಾಲು ತೊಳೀಬೇಕು," ಎಂದು ನೆಪ ಹೇಳಿ ಹಿತ್ತಿಲ ಬಾವಿಯ ಕಡೆ ನಡೆದಳು. ಅಲ್ಲಿ ಮಾಡಿನ ಕೆಳಗೆ, ಮುರಿದ ಹಲ್ಲುಚಕ್ರ, ಸೈಕಲ್ಲಿನ ಕಡ್ಡಿ, ಕಾಲಿಲ್ಲದ ಆಮೆಗಳ ನಡುವೆ, ಅವಳ ಮೇಕೆ ಕೂತಿತ್ತು. ಕೆಳದವಡೆ ಇರಲಿಲ್ಲ. ಕುತ್ತಿಗೆಯ ಬಳಿ ಸೀಳು ಬಿಟ್ಟಿತ್ತು. ಎತ್ತಿ ಮೂಗಿಗೆ ಹಿಡಿದಳು. ಹೊಗೆ ಕುಡಿದ ಮರದ ವಾಸನೆ. ಅವಳಿಗೆ ಮೊದಲು ಬಂದದ್ದು ಕೋಪವಲ್ಲ. ತನ್ನ ತಲೆ ನೆಟ್ಟಗಿದೆ ಎಂಬ ಸಮಾಧಾನ. ಬಾವಿಕಟ್ಟೆಯ ಮೇಲೆ ಕೂತು ಒಂದು ನಿಮಿಷ ಅತ್ತಳು. ಕೋಪ ಆಮೇಲೆ ಬಂತು.

"ಕಳ್ರು!" ಎಂದು ಮೇಕೆಯನ್ನು ಹಿಡಿದುಕೊಂಡೇ ಅಂಗಳಕ್ಕೆ ಬಂದಳು. "ಇದೇನಿದು? ಯಾರ ಕೈಲಿ ತರಿಸ್ಕೊಂಡೆ? ಪೈನೆಮ್‌ಗೆ ಏನು ಕೊಟ್ಟೆ? ಹಣದಾಸೆ ಇಷ್ಟಿದ್ರೆ ನನ್ನನ್ನೇ ಕೇಳ್ಬಹುದಿತ್ತಲ್ಲೋ!"

ನ್ಗಾದಿಮನ್ ಒಂದು ಹೆಜ್ಜೆ ಮುಂದೆ ಬಂದ. "ಬು, ನಾನು ಮಾತು ಕೊಟ್ಟಿದೀನಿ..."

"ಯಾರಿಗೆ?"

ಸರಿಂತೆನ್ ಒಳಗಿಂದ ಸರ್ರನೆ ಬಂದಳು. "ಮಾತು ಕೊಟ್ಟಿದ್ದು ಅವ್ರು, ನಾನಲ್ಲ! ನಮ್ಮ ಮನೆಗೆ ಬಂದು ಕಳ್ರು ಅಂತೀರಾ ಬು? ನಿಮ್ಮ ಮನೆ ಗಂಡಸ್ರನ್ನ ಕೇಳಿ ಹೋಗಿ. ಮುರಿದ ಮೇಕೇನ ಅನ್ನದ ಡಬ್ಬಿ ಥರ ಬಟ್ಟೆಲಿ ಕಟ್ಕೊಂಡು ಬಂದು ಇಲ್ಲೇ, ಇದೇ ಬೆಂಚಿನ ಮೇಲೆ ಕೂತು ಗೋಗರೆದ್ರು. ಇಂಥದ್ದೇ ಒಂದು ಮಾಡ್ಕೊಡಪ್ಪಾ, ಅವ್ಳಿಗೆ ಗೊತ್ತಾಗ್ಬಾರ್ದು ಅಂತ. ನಮ್ಮವ್ರು ಒಂದೇ ಪ್ರಾಣಿ ಎರಡು ಸಲ ಮಾಡಲ್ಲ ಅಂದ್ರು. ಆ ಮನುಷ್ಯ ಅಳೋದೊಂದು ಬಾಕಿ!"

ನ್ಗಾದಿಮನ್ ಗೂಬೆಯ ರೆಕ್ಕೆಯನ್ನು ಸುಮ್ಮನೆ ತೆರೆದು ಮುಚ್ಚುತ್ತಿದ್ದ.

"ಆ ತಡೆ ಮಾತ್ರ ನಂಗೆ ಬರ್ಲಿಲ್ಲ ಬು," ಎಂದ ಕೊನೆಗೆ. "ಅದು ನಾನು ಮಾಡಿದ್ದಲ್ಲ. ಹಳೇ ಮರ, ಎಲ್ಲೋ ಹಿಡೀತಿತ್ತು. ಎಷ್ಟು ಕೆರೆದ್ರೂ ಹೊಸದ್ರಲ್ಲಿ ಬರ್ಲಿಲ್ಲ."

ಸುಕೆಸಿ ಇಬ್ಬರಿಗೂ ಕೈಮುಗಿದು ತಪ್ಪಾಯಿತು ಎಂದಳು. ಎರಡೂ ಮೇಕೆಗಳನ್ನು ಬುಟ್ಟಿಗೆ ಹಾಕಿಕೊಂಡು ವಾಪಸು ಹೊರಟಳು.

ಮನೆಗೆ ಬಂದವಳು ಏನೂ ಹೇಳಲಿಲ್ಲ. ಹೊಸ ಮೇಕೆಯನ್ನು ಕಪಾಟಿನಲ್ಲಿಟ್ಟಳು, ಮುರಿದದ್ದನ್ನು ಹಳೆಯ ಔಷಧಿ ಪೆಟ್ಟಿಗೆಯಲ್ಲಿ ಅಡಗಿಸಿದಳು. ಅವನೇ ಹೇಳಲಿ, ನೋಡೋಣ ಎಂದು ಕಾದಳು. ಈಗ ಅವಳ ಕಣ್ಣು ಗಂಡನ ಬೆನ್ನು ಬಿಡಲಿಲ್ಲ. ನಲವತ್ತು ವರ್ಷ ಜೊತೆ ಬಾಳಿದವನು ಪರಕೀಯನಂತೆ ಕಂಡ. ಕೇಳದೆಯೇ ಚಹಾ ಮಾಡಿ ತಂದುಕೊಟ್ಟ: ಯಾಕೆ ತಂದ? "ನಿದ್ದೆ ಬಂತಾ?" ಎಂದು ಕೇಳಿದ: ಯಾಕೆ ಕೇಳಿದ? ಅವನ ಅಕ್ಕರೆಯನ್ನೆಲ್ಲ ಅವಳು ಖೋಟಾ ನಾಣ್ಯದಂತೆ ತಟ್ಟಿ ತಟ್ಟಿ ನೋಡಿದಳು. ಎರಡು ಮೂರು ಸಲ ಅವಕಾಶವನ್ನೂ ಕೊಟ್ಟಳು.

"ಪಾಕ್, ನಂಗೆ ನಿಜವಾಗ್ಲೂ ಮರೆವು ಬಂದಿದ್ಯಾ?"

"ಯಾರಿಗಿಲ್ಲ ಬು ಮರೆವು? ಈ ವಯಸ್ಸಲ್ಲಿ..." ಎಂದು ಅವನು ಎದ್ದು ಹೋದ.

ಅಷ್ಟರಲ್ಲಿ ಸೊಸೆ ಆಸ್ಪತ್ರೆಯಲ್ಲಿ ಮರೆವಿನ ರೋಗದ ಡಾಕ್ಟರನ್ನು ಗೊತ್ತು ಮಾಡಿದ್ದಳು. "ಸುಮ್ನೆ ತೋರಿಸ್ಕೊಂಡು ಬರೋಣ ಇಬು," ಎಂದು ಹೆದರಿ ಹೆದರಿ ಹೇಳಿದಾಗ ಸುಕೆಸಿ ಒಂದೇ ಮಾತಿಗೆ ಒಪ್ಪಿದ್ದು ಸೊಸೆಗೇ ಆಶ್ಚರ್ಯ. "ಎಲ್ರೂ ಹೋಗೋಣ. ಬಾಪಾಕೂ ಬರ್ಲಿ," ಎಂದಳು ಸುಕೆಸಿ. ಹೊರಡುವಾಗ ದೊಡ್ಡ ಬಟ್ಟೆಚೀಲವೊಂದನ್ನು ಹೆಗಲಿಗೆ ಹಾಕಿಕೊಂಡಳು.

ಡಾಕ್ಟರು ಚಿಕ್ಕ ಪ್ರಾಯದ ಹೆಣ್ಣುಮಗಳು. ಗಡಿಯಾರದ ಚಿತ್ರ ಬರೆಸಿದಳು, ತೆಂಗು, ದೋಣಿ, ಕಂಬಳಿ ಎಂಬ ಮೂರು ಮಾತು ಹೇಳಿ ಆಮೇಲೆ ಕೇಳುತ್ತೇನೆಂದಳು. ಕೇಳಿದಾಗ ಸುಕೆಸಿ ಮೂರನ್ನೂ ಹೇಳಿ, "ಕಂಬಳಿ ಅನ್ನೋವಾಗ ನಿಮ್ಮ ಫೋನ್ ಬಂತು," ಎಂದೂ ಸೇರಿಸಿದಳು. ಡಾಕ್ಟರು ನಕ್ಕು ಮನೆಯವರ ಕಡೆ ತಿರುಗಿದಳು.

"ಮನೇಲಿ ಏನು ಗಮನಿಸಿದೀರಿ?"

ರಾತ್ರಿ ಕೆಟಲ್ ವಿಷಯ ಹೇಳಿದಳು, ಮೇಕೆಯ ವಿಷಯ ಹೇಳಿದಳು, ಕೆಲಸದವಳ ಚೀಲ ಬಿಚ್ಚಿಸಿದ್ದನ್ನು ಹೇಳುವಾಗ ಅವಳ ಕಣ್ಣು ತುಂಬಿತು. "ಇಬು ಹಾಗೆ ಮಾಡೋರಲ್ಲ ಡಾಕ್ಟ್ರೇ."

"ನೀವೇನಂತೀರಿ, ಪಾಕ್?" ಎಂದು ಡಾಕ್ಟರು ಹಾರ್ದೊಯೊನನ್ನು ಕೇಳಿದಳು. "ಎಲ್ಲರಿಗಿಂತ ಹೆಚ್ಚು ಹತ್ತಿರದಿಂದ ನೋಡಿರೋರು ನೀವು. ಆ ಮೇಕೆ ಬದಲಾಗಿದೆ ಅನ್ನೋದು ಅವರ ಭ್ರಮೆ ಅನ್ಸುತ್ತಾ?"

ಸುಕೆಸಿ ಗಂಡನ ಮುಖ ನೋಡಿದಳು. ಹೇಳುತ್ತಾನೆ, ಈಗ ಹೇಳುತ್ತಾನೆ ಎಂದುಕೊಂಡಳು. ಅವನು ಹೇಳಲೆಂದು ಅಷ್ಟು ಆಸೆಪಟ್ಟದ್ದು ಅವಳಿಗೇ ಆಮೇಲೆ ನೆನೆದರೆ ನಾಚಿಕೆಯಾಗುತ್ತಿತ್ತು.

"ವಯಸ್ಸಾಯ್ತಲ್ಲ ಡಾಕ್ಟ್ರೇ," ಎಂದ ಹಾರ್ದೊಯೊ, ನೆಲ ನೋಡುತ್ತಾ.

ಸುಕೆಸಿ ಚೀಲದಿಂದ ದವಡೆಯಿಲ್ಲದ ಮೇಕೆಯನ್ನು ತೆಗೆದು ಡಾಕ್ಟರ ಮೇಜಿನ ಮೇಲೆ, ಕಾಗದಗಳ ಮೇಲೇ ಇಟ್ಟಳು. ಅದರ ಪಕ್ಕದಲ್ಲಿ ಇನ್ನೊಂದನ್ನೂ ಇಟ್ಟಳು.

"ಇದು ನಂದು. ಇದು ಇವರು ಮಾಡ್ಸಿ ತಂದಿಟ್ಟಿದ್ದು. ಈಗ ಯಾರಿಗೆ ಔಷಧಿ ಬರೀತೀರೋ ಬರೀರಿ," ಎಂದು ಎದ್ದಳು.

ರಾತ್ರಿ ಎರಡೂ ಮೇಕೆಗಳನ್ನು ನೋಡಿದಳು, ಮಾವನನ್ನು ನೋಡಿದಳು. "ಬಾಪಾಕ್?" ಎಂದಳು. ಆ ಒಂದು ಮಾತಿಗೇ ಹಾರ್ದೊಯೊ ಕುರ್ಚಿಯಲ್ಲಿ ಕುಗ್ಗಿಹೋದ.

ವಾಪಸು ಬರುವಾಗ ಕಾರಿನಲ್ಲಿ ಅವನು ಹಿಂದಿನ ಸೀಟಿನ ಮೂಲೆಗೆ ಮುದುಡಿ ಕೂತು ಹೇಳಿದ. ಗುರುವಾರಗಳಂದು ಅವಳು ಪಠಣಕ್ಕೆ ಹೋದಾಗ ಮೊಳೆಯ ಕೀಲಿ ತೆಗೆದುಕೊಂಡು ಅವನು ಆ ಕೋಣೆಗೆ ಹೋಗುತ್ತಿದ್ದ. ಎಲ್ಲ ಪ್ರಾಣಿಗಳ ಹಿಡಿಯನ್ನೂ ತಿರುಗಿಸುತ್ತಿದ್ದ. ವರ್ಷಗಳಿಂದ. ಒಂದು ದಿನ ಮೇಕೆಗೆ ನಿಜವಾದ ಪತ್ರಿಕೆ ಕೊಟ್ಟರೆ ತಿನ್ನುತ್ತದೋ ನೋಡೋಣವೆಂದು ಒಂದು ಚೂರು ಹರಿದು ಬಾಯಿಗಿಟ್ಟಿದ್ದ. ಸಿಕ್ಕಿಕೊಂಡಿತು. ಬಿಡಿಸಲು ಜೋರಾಗಿ ತಿರುಗಿಸಿದಾಗ ದವಡೆ ಹಾರಿಹೋಯಿತು. ಮರುದಿನವೇ ಸುಕೆಸಿ ಹತ್ತು ದಿನಕ್ಕೆಂದು ಮಗನ ಊರಿಗೆ ಹೊರಟಿದ್ದಳು; ಅವಳು ಬರುವಷ್ಟರಲ್ಲಿ ಬದಲಿ ಕಪಾಟಿಗೆ ಬಂದಿತ್ತು.

"ಹೇಳ್ಬಹುದಿತ್ತು. ನಾನು ಬಯ್ತಿದ್ದೆ, ಅಷ್ಟೆ ತಾನೆ?" ಎಂದಳು ಸುಕೆಸಿ.

"ಬೈಗುಳಕ್ಕಲ್ಲ," ಎಂದ ಅವನು. "ಇಷ್ಟು ವರ್ಷ ನಿನ್ನನ್ನ ನೋಡಿ ನಕ್ಕೊಂಡು ಬಂದೆ. ನಾನೂ ಕದ್ದು ಆಡ್ತಿದ್ದೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಅದಕ್ಕೆ ನಂಗೆ ಹುಚ್ಚು ಅಂತ ಆಗ್ಲಿ ಅಂತ ಬಿಟ್ರಾ? ಪೈನೆಮ್ ಕಳ್ಳಿ ಅಂತ ಆಗ್ಲಿ ಅಂತ?"

ಮುಂದೆ ಕೂತಿದ್ದ ರಾತ್ರಿ ಅಳುತ್ತಿದ್ದಳು. ಬಾಡಿಗೆ ಕಾರಿನ ಚಾಲಕ ರೇಡಿಯೊ ಸಣ್ಣಗೆ ಮಾಡಿ, ಮತ್ತೆ ದೊಡ್ಡದು ಮಾಡಿದ.

ಆ ಸಂಜೆ ಸುಕೆಸಿ ಗಂಡನಿಗೆ ಒಂದೇ ಮಾತು ಹೇಳಿದಳು. "ನಾಳೆ ನೀವು ಪೈನೆಮ್ ಹತ್ರ ಬರ್ತೀರಿ. ಅವಳ ಮುಂದೆ, ಜನರ ಮುಂದೆ ಹೇಳ್ತೀರಿ."

ಪೈನೆಮ್ ಮನೆಯಲ್ಲಿರಲಿಲ್ಲ. ಸಂತೆಪೇಟೆಯ ಹಿಂದಿನ ಮೂಲೆಯಲ್ಲಿ ಅತ್ತಿಗೆಯ ಜೊತೆ ಪೆಚೆಲ್ ಮಾರುತ್ತಿದ್ದಾಳೆಂದು ನೆರೆಯವರು ಹೇಳಿದರು. ಅಲ್ಲಿ ಹೋದರೆ, ತಗ್ಗು ಮಣೆಯ ಮೇಲೆ ಕೂತು, ಬಾಳೆಲೆಯಲ್ಲಿ ಬೇಯಿಸಿದ ಸೊಪ್ಪು ಹರಡಿ, ಕಡಲೆಕಾಯಿ ಚಟ್ನಿ ಸುರಿದು ಕೊಡುತ್ತಿದ್ದಳು. ಮುಂದೆ ಜನ ಸಾಲಾಗಿ ನಿಂತಿದ್ದರು. ಇವರನ್ನು ಕಂಡು ಅವಳ ಕೈ ನಿಲ್ಲಲಿಲ್ಲ.

ಹಾರ್ದೊಯೊ ಸಾಲಿನ ಪಕ್ಕದಲ್ಲಿ ನಿಂತು, ಮಕ್ಕಳಿಗೆ ಪಾಠ ಹೇಳುತ್ತಿದ್ದ ದನಿಯೆಲ್ಲ ಎಲ್ಲೋ ಹೋಗಿ, ತೊದಲುತ್ತಾ ಹೇಳಿದ. ಮೇಕೆ ಮುರಿದದ್ದು ತಾನು. ಬದಲಿ ಇಟ್ಟದ್ದು ತಾನು. ಅವಳ ಚೀಲ ಬಿಚ್ಚಿಸಿದಾಗ ಗೊತ್ತಿದ್ದೂ ಸುಮ್ಮನಿದ್ದವನು ತಾನು. ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಪೈನೆಮ್ ಒಂದು ಪೊಟ್ಟಣ ಕಟ್ಟಿ ಕಡ್ಡಿ ಚುಚ್ಚಿ ಮುಂದಿನವರಿಗೆ ಕೊಟ್ಟಳು. "ಬಾಪಾಕ್ ಹೆದರಿದ್ರು, ಸುಮ್ನಾದ್ರು. ಪುಕ್ಕಲುತನ. ಅದಕ್ಕೆ ನಂಗೆ ಅಷ್ಟು ನೋವಿಲ್ಲ," ಎಂದಳು. ಆಮೇಲೆ ತಲೆಯೆತ್ತಿದಳು. "ಆದ್ರೆ ಚೀಲ ಬಿಚ್ಚು ಅಂದಿದ್ದು ಯಾರು?"

ಸುಕೆಸಿ ಗಂಡನ ತಪ್ಪನ್ನು ಹೊತ್ತು ತಂದಿದ್ದಳು. ಅದನ್ನು ಇಲ್ಲಿ ಇಳಿಸಿಬಿಟ್ಟರೆ ತನ್ನ ಹೆಗಲು ಹಗುರ ಎಂದು ದಾರಿಯುದ್ದಕ್ಕೂ ನಂಬಿದ್ದಳು. ಆದರೆ ಮೇಕೆಯನ್ನು ಯಾರೇ ಮುರಿದಿರಲಿ, ಜಗುಲಿಯಲ್ಲಿ ನಿಂತು ಕೇಳಿದ ಬಾಯಿ ಅವಳದೇ.

"ನಾನು," ಎಂದಳು.

"ಹೂಂ. ಇಪ್ಪತ್ತು ವರ್ಷ, ಇಬು. ಒಂದು ಸಲ ಕೇಳ್ಬಹುದಿತ್ತು, ಯು ನಿಂಗೇನಾದ್ರೂ ಗೊತ್ತಾ ಅಂತ. ಕೇಳಿದ್ರೆ ನಾನೂ ಹೇಳ್ತಿದ್ದೆ, ಬಾಪಾಕ್ ಗುರುವಾರ ಗುರುವಾರ ಕೀಲಿ ತಗೋತಾರೆ ಅಂತ. ನೀವು ಕೇಳ್ಲಿಲ್ಲ. ಚೀಲ ತೋರ್ಸು ಅಂದ್ರಿ."

"ತಪ್ಪಾಯ್ತು, ಯು."

"ಆಯ್ತು ಬಿಡಿ. ಆದ್ರೆ ನಿಮ್ಮನೆ ಕೆಲ್ಸಕ್ಕೆ ಇನ್ನು ಬರಲ್ಲ. ಕರೀಬೇಡಿ. ಕರೆದ್ರೆ ಇಲ್ಲ ಅನ್ನೋಕೆ ನಂಗೆ ಕಷ್ಟ."

"ಕರೆಯಲ್ಲ."

"ತಿನ್ನೋಕೆ ಬಂದ್ರೆ ಬೇಡ ಅನ್ನಲ್ಲ. ಸಾಲಲ್ಲಿ ನಿಲ್ಬೇಕು, ಅಷ್ಟೆ."

ಸುಕೆಸಿ ಸಾಲಿನ ತುದಿಗೆ ಹೋಗಿ ನಿಂತಳು. ಹಾರ್ದೊಯೊ ಅವಳ ಹಿಂದೆ, ಒಂದು ಹೆಜ್ಜೆ ಅಂತರ ಬಿಟ್ಟು ನಿಂತ. ಮುಂದಿದ್ದ ಬಸುರಿ ಹೆಂಗಸೊಬ್ಬಳು "ನೀವು ಮುಂದೆ ಬನ್ನಿ ಬು ಬಿದಾನ್," ಎಂದು ಜಾಗ ಬಿಡಹೋದಳು. ಬೇಡವೆಂದು ಸುಕೆಸಿ ತಲೆಯಾಡಿಸಿದಳು. ಬಿಸಿಲು ಏರುತ್ತಿತ್ತು. ಸಾಲು ನಿಧಾನಕ್ಕೆ ಕರಗಿ, ಕೊನೆಗೆ ಅವಳ ಸರದಿ ಬಂತು.

ಪೈನೆಮ್ ಬಾಳೆಲೆ ಒರೆಸಿ, ಸೊಪ್ಪು ಹರಡಿ, ಚಟ್ನಿಯ ಸೌಟು ಎತ್ತಿದಳು. ಇಪ್ಪತ್ತು ವರ್ಷ ಮೂರು ಹೊತ್ತೂ ಈ ಹೆಂಗಸಿಗೆ ಅಡುಗೆ ಮಾಡಿ ಹಾಕಿದವಳು, ದಾರಿಹೋಕರನ್ನು ಕೇಳುವ ಹಾಗೆ ಕೇಳಿದಳು.

"ಖಾರ ಎಷ್ಟಿರ್ಲಿ?"

"ಕಮ್ಮಿ," ಎಂದಳು ಸುಕೆಸಿ.